ಅರಿಯೋಪಾಗಸ್: ಬಂಡೆಯ ಮೇಲಿನ ಕೊಲೆ ವಿಚಾರಣೆ

ಗ್ರೀಸಿನ ಅಥೆನ್ಸಿನಲ್ಲಿ, ಅಕ್ರೋಪೊಲಿಸ್ ಎಂಬ ಕೋಟೆಗುಡ್ಡಕ್ಕೆ ವಾಯವ್ಯದಲ್ಲಿ ಒಂದು ಬೋಳು ಸುಣ್ಣಕಲ್ಲಿನ ಗುಡ್ಡವಿದೆ. ಅದೇ ಅರಿಯೋಪಾಗಸ್. ಕಡಲ ದೇವರು ಪೊಸೈಡನ್‌ನ ಮಗನನ್ನು ಕೊಂದ ಯುದ್ಧದೇವತೆ ಆರೆಸ್‌ನ ವಿಚಾರಣೆ ಇಲ್ಲೇ ಮೊದಲು ನಡೆಯಿತು ಎಂಬುದು ಪುರಾಣ. ಇತಿಹಾಸದಲ್ಲಿ ಇದೇ ಹೆಸರಿನದು, ಆರ್ಕನ್ (ಅಥೆನ್ಸಿನ ಉನ್ನತ ಅಧಿಕಾರಿ) ಹುದ್ದೆ ಮುಗಿಸಿದವರು ಆಜೀವ ಸದಸ್ಯರಾಗಿದ್ದ ಸಭೆ. ಕ್ರಿ.ಪೂ. 462ರ ಸುಮಾರಿಗೆ ಎಫಿಯಾಲ್ಟಿಸ್ ಎಂಬ ರಾಜಕಾರಣಿ ಅದರ ರಾಜಕೀಯ ಅಧಿಕಾರವನ್ನು ಕಿತ್ತುಕೊಂಡ. ಆಮೇಲೆ ಅದರ ಕೈಯಲ್ಲಿ ಉಳಿದದ್ದು ಮುಖ್ಯವಾಗಿ ಬೇಕೆಂದೇ ಮಾಡಿದ ಕೊಲೆಗಳ ಮೊಕದ್ದಮೆ. ನಾಟಕಕಾರ ಎಸ್ಕಿಲಸ್ ತನ್ನ ನಾಟಕದಲ್ಲಿ, ತಾಯಿಯನ್ನು ಕೊಂದ ಒರೆಸ್ಟಿಸ್‌ನ ವಿಚಾರಣೆಯನ್ನು ಇಲ್ಲಿ ನಡೆಸಿದ್ದು ಕ್ರಿ.ಪೂ. 458ರಲ್ಲಿ, ಅಂದರೆ ಈ ಗಲಾಟೆಯ ಬಿಸಿ ಆರುವ ಮುಂಚೆ. ಎರಡೂ ಇಸವಿಗಳನ್ನು ಜೊತೆಯಲ್ಲೇ ನೆನಪಿಡಿ.

ಈಗ ಕಲ್ಲುಗಳು. ಕ್ರಿ.ಶ. 2ನೇ ಶತಮಾನದ ಪ್ರವಾಸಿ ಪೌಸಾನಿಯಸ್ ಇಲ್ಲಿದ್ದ ಎರಡು ಒರಟು ಕಲ್ಲುಗಳ ಬಗ್ಗೆ ಬರೆದಿದ್ದಾನೆ. ಆರೋಪಿ ನಿಲ್ಲುವುದು ದರ್ಪದ ಕಲ್ಲಿನ ಮೇಲೆ, ದೂರು ಕೊಟ್ಟವನು ನಿಷ್ಕರುಣೆಯ ಕಲ್ಲಿನ ಮೇಲೆ. ದೂರುದಾರನ ಕಲ್ಲಿಗೂ ಒಳ್ಳೆಯ ಹೆಸರೇನಿಲ್ಲ! ಸರ್ಕಾರಿ ವಕೀಲರಿಲ್ಲದ ಕಾಲವದು. ಸತ್ತವನ ಬಂಧುಗಳೇ ದಾವೆ ಹೂಡಬೇಕು. ಹೂಡುವವನು ಹಂದಿ, ಟಗರು, ಹೋರಿಗಳ ಕಡಿದ ತುಂಡುಗಳ ಮೇಲೆ ನಿಂತು, ಸುಳ್ಳಾಡಿದರೆ ತಾನೂ ತನ್ನ ಮನೆತನವೂ ನಾಶವಾಗಲಿ ಎಂದು ಆಣೆ ಇಡಬೇಕಿತ್ತು. ಇಬ್ಬರಿಗೂ ಎರಡೆರಡು ಸಲ ಮಾತಾಡಲು ಅವಕಾಶ. ಮೊದಲ ಸುತ್ತು ಮುಗಿದ ಮೇಲೆ, ಗೆಲ್ಲುವ ಆಸೆ ಇಲ್ಲದಿದ್ದರೆ, ಆರೋಪಿ ದೇಶ ಬಿಟ್ಟು ಹೋಗಬಹುದಿತ್ತು, ಯಾರೂ ತಡೆಯುವಂತಿಲ್ಲ.

ವಿಚಾರಣೆ ಬಯಲಲ್ಲೇ ಏಕೆ? ಕೊಲೆಗಾರನಿಗೆ ಮೈಲಿಗೆ ಅಂಟಿರುತ್ತದೆ, ಅವನೊಂದಿಗೆ ಒಂದೇ ಸೂರಿನಡಿ ಕೂತವರಿಗೂ ಅದು ತಗಲುತ್ತದೆ ಎಂಬ ಭಯ. ಈ ಎಳೆ ಸಿಕ್ಕರೆ ಅಥೆನ್ಸಿನ ಉಳಿದ ಕೊಲೆ ನ್ಯಾಯಾಲಯಗಳ ವಿಚಿತ್ರಗಳೂ ಬಿಡಿಸಿಕೊಳ್ಳುತ್ತವೆ. ಆಗಲೇ ಗಡೀಪಾರಾದವನ ಮೇಲೆ ಇನ್ನೊಂದು ಕೊಲೆಯ ಆರೋಪ ಬಂದರೆ ಫ್ರಿಯಾಟೊ ಎಂಬ ಕಡಲದಂಡೆಯ ನ್ಯಾಯಾಲಯದಲ್ಲಿ ಅವನು ದೋಣಿಯಲ್ಲಿ ನಿಂತೇ ವಾದಿಸಬೇಕು; ತೀರ್ಪು ಕೊಡುವವರು ದಡದಲ್ಲಿ. ಪ್ರಿಟನಿಯಾನ್ ಎಂಬ ಇನ್ನೊಂದು ನ್ಯಾಯಾಲಯದಲ್ಲಂತೂ ಮನುಷ್ಯನ ಮೇಲೆ ಬಿದ್ದು ಜೀವ ತೆಗೆದ ಕಲ್ಲೇ ಆರೋಪಿ. ತೀರ್ಪಾದ ಮೇಲೆ ಅದನ್ನು ಗಡಿಯಾಚೆ ಎಸೆಯುತ್ತಿದ್ದರು.

ಅಥೆನ್ಸಿನ ಪೇಟೆಚೌಕ ಅಗೋರಾದ ಆಣೆಕಲ್ಲನ್ನು ಅರಿಯೋಪಾಗಸ್‌ನ ಆ ಎರಡು ಕಲ್ಲುಗಳ ಜೊತೆ ಬೆರೆಸಬೇಡಿ. 1970ರ ಉತ್ಖನನದಲ್ಲಿ ರಾಯಲ್ ಸ್ಟೋವಾ ಎಂಬ ಕಂಬಸಾಲಿನ ಕಟ್ಟಡದ ಮುಂದೆ ಸಿಕ್ಕಿದ ಕಲ್ಲು ಅದು. ಅದು ಆರೋಪಿ, ದೂರುದಾರರು ನಿಂತು ವಾದಿಸುವ ಕಲ್ಲಲ್ಲ. ಹೊಸ ಆರ್ಕನ್‌ಗಳು ಅದರ ಮೇಲೆ ನಿಂತು, ಕಾನೂನಿನಂತೆ ನಡೆಯುತ್ತೇವೆ, ಅಧಿಕಾರದ ಹೆಸರಲ್ಲಿ ಕಾಣಿಕೆ ಮುಟ್ಟುವುದಿಲ್ಲ, ಮುಟ್ಟಿದರೆ ಚಿನ್ನದ ಪ್ರತಿಮೆ ಮಾಡಿಸಿ ಒಪ್ಪಿಸುತ್ತೇವೆ ಎಂದು ಪ್ರಮಾಣ ಮಾಡುತ್ತಿದ್ದರು.