ಪಹಣಿಯಲ್ಲಿ ಮನೆ ಸಿಗುವುದಿಲ್ಲ

ಮೊನ್ನೆ ಮತ್ತೊಬ್ಬರು ಬಂದಿದ್ದರು. ಕೈಯಲ್ಲಿ ಪ್ಲಾಸ್ಟಿಕ್ ಫೈಲು, ಫೈಲಿನಲ್ಲಿ ಒಂದೇ ಒಂದು ಪಹಣಿ. "ಸಾರ್, ಸರ್ವೆ ನಂಬರ್ ಸಿಕ್ಕಿದೆ. ನಮ್ಮ ಅಜ್ಜನ ಮನೆ ಎಲ್ಲಿತ್ತು ಅಂತ ತೋರಿಸಿಬಿಡಿ, ಸಾಕು." ವಿಸ್ತೀರ್ಣ ನೋಡಿದೆ. ನಲವತ್ತು ಎಕರೆ ಮೇಲೆ ಇತ್ತು. ಅಷ್ಟೂ ಕಾಫಿ. ನಡುವೆ ಹೋಗಿ ನಿಂತುಕೊಂಡು ನೀವೇ ನೋಡಿ ಬನ್ನಿ ಅನ್ನೋಣ ಅನ್ನಿಸಿತು. ಅನ್ನಲಿಲ್ಲ. ಕೂರಿಸಿ ಕಾಫಿ ಕೊಟ್ಟೆ.

ಕೊಡಗಿನಲ್ಲಿ ಜಮೀನು ಅಳೆಯುವ ಕೆಲಸಕ್ಕೆ ಬಿದ್ದು ಇಪ್ಪತ್ತಾರು ವರ್ಷ ಆಯಿತು. ಪೋಡಿ, ಹದ್ದುಬಸ್ತು, ಪಾಲು, ನನ್ನ ಹೊಟ್ಟೆಪಾಡು ಅದರಲ್ಲೇ. ಈಚೆಗೆ ಮಾತ್ರ "ಹಳೇ ಮನೆ ಹುಡುಕಿಕೊಡಿ" ಅಂತ ಬರುವವರು ಜಾಸ್ತಿ. ಬೆಂಗಳೂರಿನಿಂದ ಬರುತ್ತಾರೆ, ಕೇರಳದಿಂದ ಬರುತ್ತಾರೆ, ಒಮ್ಮೆ ಇಂಗ್ಲೆಂಡಿನಿಂದಲೂ ಬಂದಿದ್ದರು. ಎಲ್ಲರೂ ಒಳ್ಳೆಯ ಜನ. ಎಲ್ಲರದ್ದೂ ಒಂದೇ ತಪ್ಪು.

ಪಹಣಿ ಕಂದಾಯದ ಕಾಗದ. ನೆಲ ಎಷ್ಟು, ಕಂದಾಯ ಎಷ್ಟು, ಯಾರ ಹೆಸರಿಗಿದೆ, ಏನು ಬೆಳೆದಿದ್ದಾರೆ, ಸರ್ಕಾರಕ್ಕೆ ಬೇಕಾಗಿದ್ದು ಇಷ್ಟೇ. 9ನೇ ಕಾಲಂನಲ್ಲಿ ಸ್ವಾಧೀನದಾರರ ಹೆಸರು. 12ನೇ ಕಾಲಂನಲ್ಲಿ ಸಾಗುವಳಿ, ಬೆಳೆ. ಅಲ್ಲಿ ಹಂಚಿನ ಮನೆ ಇತ್ತಾ, ಹುಲ್ಲಿನ ಮನೆ ಇತ್ತಾ, ಒಳಗೆ ಯಾರು ಒಲೆ ಹಚ್ಚುತ್ತಿದ್ದರು ಅನ್ನೋದಕ್ಕೆ ಕಾಲಂ ಇಲ್ಲ.

ಇನ್ನೊಂದು ಸಲ ಹೇಳುತ್ತೇನೆ. ಇಷ್ಟು ಹೇಳಿದ ಮೇಲೂ ಜನ ತಲೆಯಾಡಿಸಿ, "ಹೌದು ಸಾರ್, ಆದರೆ ಹಳೇ ಪಹಣಿ ತೆಗೆಸಿದರೆ ಇರುತ್ತೆ ಅಲ್ವಾ?" ಅಂತಾರೆ. ಇರಲ್ಲ. 2000ದ ಆಸುಪಾಸಿನಲ್ಲಿ ಸರ್ಕಾರದ ‘ಭೂಮಿ’ ಯೋಜನೆ ಬಂದು ಪಹಣಿ ಕಂಪ್ಯೂಟರಿಗೆ ಏರಿತು. ಅದಕ್ಕೂ ಮೊದಲಿನದ್ದು ಕೈಬರಹ. ಕೈಬರಹದ ಪಹಣಿಯಲ್ಲೂ ಮನೆ ಇಲ್ಲ. ಹೆಸರು ಇದ್ದವರು ಅಲ್ಲಿ ವಾಸ ಇದ್ದರು ಅಂತಲ್ಲ. ವಾಸ ಇದ್ದವರ ಹೆಸರು ಅಲ್ಲಿ ಇರಬೇಕು ಅಂತಲೂ ಇಲ್ಲ. ನೆಲದ ಯಜಮಾನ ಬೇರೆ, ಮನೆಯಲ್ಲಿ ಇದ್ದವರು ಬೇರೆ. ಇವೆರಡನ್ನೂ ಒಂದೇ ಅಂತ ಹಿಡಿದು ಹೊರಟರೆ ಮೊದಲ ಹೆಜ್ಜೆಯೇ ತಪ್ಪು ಗೇಟಿನೊಳಗೆ.

ಮನೆಯ ವಾಸನೆ ಎಲ್ಲಾದರೂ ಇದ್ದರೆ ಖರಾಬಿನಲ್ಲಿ. ಸರ್ವೆ ಮಾಡುವಾಗ ಬೇಸಾಯಕ್ಕೆ ಬಾರದ ಜಾಗವನ್ನು ‘ಅ’ ಖರಾಬು ಅಂತ ಬಿಡುತ್ತಾರೆ. ಹಿಡುವಳಿದಾರರ ತೋಟದ ಮನೆ, ಕಣ ಇವೂ ಅದರೊಳಗೇ ಬರುತ್ತವೆ. ರಸ್ತೆ, ತೋಡು, ಸ್ಮಶಾನ ಇವೆಲ್ಲ ‘ಬ’ ಖರಾಬು. ಹಾಗಾಗಿ ದೊಡ್ಡ ಸರ್ವೆ ನಂಬರಿನ ಒಳಗೆ ಹತ್ತು ಹನ್ನೆರಡು ಸೆಂಟು ‘ಅ’ ಖರಾಬು ಕಂಡರೆ ನನ್ನ ಕಿವಿ ನಿಮಿರುತ್ತದೆ. ಆದರೆ ಅದು ಬರೀ ಬಂಡೆಯೂ ಆಗಿರಬಹುದು. ನಾನೇ ಎರಡು ಸಲ ಬಂಡೆ ಹತ್ತಿ ಇಳಿದು ಬಂದಿದ್ದೇನೆ.

ನಮ್ಮಲ್ಲಿ ಇದಕ್ಕೆ ಇನ್ನೊಂದು ಗಂಟು, ಜಮ್ಮಾ. ರಾಜರ ಕಾಲದಿಂದ ಒಕ್ಕಗಳಿಗೆ, ಅಂದರೆ ಒಂದೇ ಮೂಲದ ಕುಟುಂಬಗಳಿಗೆ, ವಂಶಪಾರಂಪರ್ಯವಾಗಿ ಬಂದ ನೆಲ. ದಾಖಲೆಯಲ್ಲಿ ಇರುವುದು ಪಟ್ಟೆದಾರರ ಹೆಸರು, ಅಂದರೆ ಒಕ್ಕದ ಹಿರಿಯರದ್ದು. ನೆಲ ಇಡೀ ಒಕ್ಕಕ್ಕೆ. ಎಷ್ಟೋ ಕಡೆ ತೀರಿಹೋದ ಪಟ್ಟೆದಾರರ ಹೆಸರೇ ದಶಕಗಟ್ಟಲೆ ಹಾಗೇ ಉಳಿದಿದೆ. ಅವರು ಇದ್ದದ್ದು ಮೈಲಿ ಆಚೆಯ ಐನ್‌ಮನೆಯಲ್ಲಿ, ಒಕ್ಕದ ಮೂಲ ಮನೆಯಲ್ಲಿ. ಬಾಣೆಯ (ಗದ್ದೆಗೆ ಸೇರಿದ ಕಾಡುಜಾಗದ) ತುದಿಯ ಸಣ್ಣ ಮನೆಯಲ್ಲಿ ಇದ್ದದ್ದು ಯಾರೋ ಗೇಣಿದಾರರು, ರೈಟರು (ತೋಟದ ಗುಮಾಸ್ತರು), ಮೇಸ್ತ್ರಿ, ಇಲ್ಲವೇ ತಲೆಮಾರುಗಳಿಂದ ಅದೇ ತೋಟದಲ್ಲಿ ದುಡಿದ ಯರವ ಬುಡಕಟ್ಟಿನವರು. ಇವರಿಗೆ ಪಹಣಿಯಲ್ಲಿ ಜಾಗವೇ ಇಲ್ಲ.

ಹೋದ ವರ್ಷದ ಒಂದು ಕೆಲಸ ಹೇಳುತ್ತೇನೆ. ಹೆಸರು ಬೇಡ. ಸಿದ್ದಾಪುರದ ಕಡೆಯ ತೋಟ. ಬೆಂಗಳೂರಿನ ಒಬ್ಬರು ಬಂದರು. ಅವರ ತಾಯಿಗೆ ಎಂಬತ್ತು ದಾಟಿದೆ, ಹುಟ್ಟಿದ್ದು ಆ ತೋಟದ ‘ಕಾಟೇಜ್’ನಲ್ಲಿ. ಮನೆಗೆ ಹೆಸರೂ ಇತ್ತಂತೆ, ಯಾವುದೋ ಇಂಗ್ಲಿಷ್ ಹೂವಿನ ಹೆಸರು. ಮಗ ನನ್ನ ಹತ್ತಿರ ಬರುವ ಮೊದಲೇ ಪಹಣಿ ಹಿಡಿದು ಈಗಿನ ಮಾಲೀಕರ ಮನೆಗೆ ಹೋಗಿದ್ದರು. "ಇದು ನಮ್ಮ ತಾತನ ಮನೆ ಇದ್ದ ಜಾಗ" ಅಂದರೆ ಯಾರು ಒಳಗೆ ಬಿಡುತ್ತಾರೆ? ಹಕ್ಕು ಕೇಳಲು ಬಂದಿದ್ದಾರೆ ಅಂತ ಅವರಿಗೆ ಗಾಬರಿ. ನನಗೆ ಮೊದಲು ಮಾಡಬೇಕಾಗಿ ಬಂದ ಕೆಲಸ ಸರ್ವೆ ಅಲ್ಲ, ಸಮಾಧಾನ. ದಯವಿಟ್ಟು ಹೀಗೆ ಮಾಡಬೇಡಿ. ಹಕ್ಕಿನ ಪ್ರಶ್ನೆ ಇದ್ದರೆ ವಕೀಲರ ಹತ್ತಿರ ಹೋಗಿ. ನೆನಪಿನ ಪ್ರಶ್ನೆ ಆದರೆ ಅದನ್ನೇ ಮೊದಲು ಹೇಳಿ. ನಾನು ಕಂಡಂತೆ, ಹಾಗೆ ಹೇಳಿದರೆ ಬೇಡ ಅನ್ನುವ ತೋಟದವರು ಕಡಿಮೆ.

ತಾತ ತೋಟದಲ್ಲಿ ರೈಟರ್ ಆಗಿದ್ದರು. ಅಂದ ಮೇಲೆ ಮನೆ ತೋಟದ್ದು. ಪಹಣಿ ಫೈಲನ್ನು ಪಕ್ಕಕ್ಕೆ ಇಟ್ಟೆ. ಅವರ ತಾಯಿಗೆ ಫೋನ್ ಮಾಡಿದೆ.

"ಅಮ್ಮ, ಬೆಳಿಗ್ಗೆ ಮಸ್ಟರ್ ಗಂಟೆ ಮನೆಗೆ ಕೇಳ್ತಿತ್ತಾ?"

"ಕೇಳ್ತಿತ್ತಾ ಅಂದ್ರೆ? ಕಿವಿ ಒಡೆದು ಹೋಗ್ತಿತ್ತು ಮಾರಾಯ್ರೆ."

"ನೀರಿಗೆ ಇಳಿದು ಹೋಗ್ತಿದ್ರಾ, ಹತ್ತಿ ಹೋಗ್ತಿದ್ರಾ?"

"ಖಾಲಿ ಕೊಡ ಇಳೀತಿತ್ತು, ತುಂಬಿದ ಕೊಡ ಹತ್ತುತಿತ್ತು."

ನನಗೆ ಬೇಕಾದದ್ದು ಇಷ್ಟೇ. ಕೆಲಸದವರನ್ನು ಹಾಜರಿಗೆ ಕರೆಯುವ ಆ ಗಂಟೆ ಕಟ್ಟುತ್ತಿದ್ದದ್ದು ಹಳೆ ಗೋಡೌನಿನ ಹತ್ತಿರ, ಕಣದ ಪಕ್ಕ. ಕಣ ಇನ್ನೂ ಇದೆ. ಮನೆ ಅದಕ್ಕೆ ತೀರಾ ಹತ್ತಿರ, ಬಾವಿಗಿಂತ ಮೇಲೆ. ಇಡೀ ತೋಟ ಹೋಗಿ ಮೂರು ಎಕರೆ ಉಳಿಯಿತು.

ನಕ್ಷೆಯನ್ನೂ ನೋಡಿದೆ. ಸರ್ವೆ ಆಫ್ ಇಂಡಿಯಾದ ಹಳೆಯ ಒಂದಿಂಚು ಮೈಲಿಯ ನಕ್ಷೆಗಳಲ್ಲಿ ಮನೆಗಳಿಗೆ ಚುಕ್ಕೆ ಇರುತ್ತದೆ. ಒಳ್ಳೆಯದೇ. ಆದರೆ ಆ ಅಳತೆಯಲ್ಲಿ ಒಂದು ಮಿಲಿಮೀಟರ್ ಅಂದರೆ ನೆಲದ ಮೇಲೆ 63 ಮೀಟರ್. ಮಿಲಿಮೀಟರ್ ಉದ್ದಗಲದ ಒಂದು ಚುಕ್ಕೆ ಹತ್ತಿರಹತ್ತಿರ ಒಂದು ಎಕರೆ ಮುಚ್ಚುತ್ತದೆ. ಅದನ್ನು ಫೋನಿನಲ್ಲಿ ದೊಡ್ಡದು ಮಾಡಿ, ಗೂಗಲ್ ಮೇಲೆ ಕೂರಿಸಿ, "ಇಲ್ಲೇ ಬಾಗಿಲು" ಅಂತ ಪಿನ್ ಚುಚ್ಚಿಕೊಂಡು ಬರುವವರಿಗೆ ಏನು ಹೇಳಲಿ?

ಹಳೆ ಕಾಗದಗಳ ಊರ ಹೆಸರುಗಳಲ್ಲೂ ಎಡವುತ್ತಾರೆ. 1956ರ ನವೆಂಬರ್ 1ರವರೆಗೆ ಕೊಡಗು ಬೇರೆಯೇ ರಾಜ್ಯ, ಬ್ರಿಟಿಷರ ಕಾಲದ ತಾಲ್ಲೂಕುಗಳೂ ಬೇರೆ. ಯೆಡೆನಾಲ್ಕುನಾಡು ಅಂತ ಇದ್ದರೆ ವಿರಾಜಪೇಟೆ ಕಡೆ ನೋಡಿ, ಕಿಗ್ಗಟ್ಟುನಾಡು ಅಂದರೆ ಪೊನ್ನಂಪೇಟೆ ಕಡೆ. ಫ್ರೇಸರ್‌ಪೇಟೆ ಅಂದರೆ ಕುಶಾಲನಗರ. ಪ್ಲಾಂಟರುಗಳು ಬರೆದ ‘ಬ್ಯಾಂಬೂ’ ಅಂದರೆ ಪಾಲಿಬೆಟ್ಟ, ಸಿದ್ದಾಪುರದ ಸೀಮೆ. ಬಿದಿರು ಮೆಳೆ ಹುಡುಕಿಕೊಂಡು ಹೋಗಬೇಡಿ.

ಸರಿ, ಆ ಮೂರು ಎಕರೆ. ಜನವರಿಯಲ್ಲಿ ಹೋದೆವು. ಮಳೆಗಾಲದಲ್ಲಿ ನಾನು ಈ ಕೆಲಸ ಒಪ್ಪಿಕೊಳ್ಳುವುದಿಲ್ಲ. ಜಿಗಣೆಗೆ ಹೆದರಿ ಅಲ್ಲ, ಕಳೆ ಎದ್ದರೆ ತಳಪಾಯ ಕಾಣುವುದೇ ಇಲ್ಲ. ಆ ಕಡೆ ಆನೆ ಬೇರೆ. ಬೆಳಿಗ್ಗೆ ತೋಟದವರನ್ನು ಕೇಳಿಯೇ ಇಳಿಯಬೇಕು. ನಾನು ಮೊದಲು ನೋಡುವುದು ಗಿಡ. ರೊಬಸ್ಟಾ ಸಾಲು ಒಂದು ಕಡೆ ಸುಮ್ನೆ ಸೊಟ್ಟಗಾದರೆ ಅಡಿಯಲ್ಲಿ ಕಲ್ಲಿದೆ ಅಂತ ಲೆಕ್ಕ. ಕಾಫಿ ನಡುವೆ ಒಂಟಿ ದಾಸವಾಳ, ಹಳೆಯ ನಿಂಬೆ ಕಂಡರೆ ಅದನ್ನು ಯಾರೋ ಕೈಯಾರೆ ನೆಟ್ಟಿದ್ದಾರೆ. ಇಲ್ಲಿ ಸಿಕ್ಕಿದ್ದು ಸಂಪಿಗೆ ಮರ. ಅದರ ಬುಡದಿಂದ ಆಚೆಗೆ ಮೂರು ಮೆಟ್ಟಿಲು. ಮೇಲೆ ಏನೂ ಇಲ್ಲ.

ಎಲೆ ಕೆದಕಿದಾಗ ಒಡೆದ ಹಂಚು ಸಿಕ್ಕಿತು, ಬಾಸೆಲ್ ಮಿಷನ್ ಮುದ್ರೆ ಇದ್ದದ್ದು. ಮಗ ಫೋನ್ ತೆಗೆದು ನೋಡಿದವರೇ, "ಸಾರ್, 1865!" ಅಂತ ಕುಣಿದರು. ಮಂಗಳೂರಿನ ಜೆಪ್ಪುವಿನಲ್ಲಿ ಆ ಹಂಚಿನ ಕಾರ್ಖಾನೆ ಶುರುವಾದದ್ದು 1865ರಲ್ಲಿ, ನಿಜ. ಆ ಹಂಚು ಅದಕ್ಕಿಂತ ಹಳೆಯದಲ್ಲ ಅಂತ ಮಾತ್ರ ಅದರಿಂದ ಗೊತ್ತಾಗುತ್ತದೆ. ಮನೆ ಯಾವಾಗಿನದು ಅಂತ ಗೊತ್ತಾಗುವುದಿಲ್ಲ. ಕೊಡಗಿನಲ್ಲಿ ಮನೆ ತಾನಾಗಿ ಬೀಳುವುದಕ್ಕಿಂತ ಬಿಚ್ಚುವುದು ಜಾಸ್ತಿ. ಹಂಚು, ತೊಲೆ, ಬಾಗಿಲು ಎಲ್ಲ ಇನ್ನೊಂದು ಮನೆಗೆ ಹೋಗುತ್ತವೆ. ಈ ಹಂಚೂ ಬೇರೆ ಮಾಡಿನಿಂದ ಇಳಿದು ಬಂದಿದ್ದಿರಬಹುದು.

ಆ ಜಾಗ ಅಲ್ಲಿಗೆ ಸಿಕ್ಕಂತೆ. ಇದ್ದವರು ಯಾರು? ಅದು ಸಿಕ್ಕಿದ್ದು ತೋಟದ ಆಫೀಸಿನ ಅಟ್ಟದಲ್ಲಿ, ಗೆದ್ದಲು ಅರ್ಧ ತಿಂದ ಚೆಕ್‌ರೋಲ್‌ಗಳಲ್ಲಿ, ಅಂದರೆ ಕೆಲಸದವರ ಹಾಜರಿ ಪುಸ್ತಕಗಳಲ್ಲಿ. ರೈಟರ್ ಕೈಬರಹ, ತಿಂಗಳ ಕೊನೆಗೆ ರೈಟರ್ ಸಹಿ. ಮಗ ಆ ಸಹಿಯ ಮೇಲೆ ಬೆರಳಿಟ್ಟುಕೊಂಡು ತುಂಬ ಹೊತ್ತು ಕೂತರು. ನಾನು ಹೊರಗೆ ಹೋಗಿ ಬಂದೆ. ಚೆಕ್‌ರೋಲ್ ಎಲ್ಲ ಕಡೆ ಉಳಿದಿರುವುದಿಲ್ಲ. ಆಗ ಹತ್ತಿರದ ಶಾಲೆಯ ದಾಖಲಾತಿ ಪುಸ್ತಕ ಕೇಳಿ, ಅದರಲ್ಲಿ ತಂದೆಯ ಹೆಸರು, ಕೆಲಸ ಇರುತ್ತದೆ. ಕ್ರೈಸ್ತ ಕುಟುಂಬ ಆದರೆ ಚರ್ಚಿನ ಜ್ಞಾನಸ್ನಾನದ ಪುಸ್ತಕ. ಹಳೆ ಮತದಾರರ ಪಟ್ಟಿ ಸಿಕ್ಕರೆ ಒಂದು ಮನೆಯಲ್ಲಿ ಯಾರ್ಯಾರು ಇದ್ದರು ಅಂತ ಒಟ್ಟಿಗೆ ಕಾಣುತ್ತದೆ.

2018ರ ಆಗಸ್ಟಿನ ಕುಸಿತದಲ್ಲಿ ಮನೆ ಹೋದವರ ವಿಷಯಕ್ಕೆ ಇದ್ಯಾವುದೂ ಅನ್ವಯಿಸುವುದಿಲ್ಲ. ಮಕ್ಕಂದೂರು, ಮುಕ್ಕೋಡ್ಲು ಕಡೆ ಗುಡ್ಡವೇ ಸರಿದಿದೆ, ಗಡಿಕಲ್ಲೂ ಅದರ ಜೊತೆಗೇ ಹೋಗಿದೆ. ಅಲ್ಲಿ ಪಹಣಿ ಇದೆ, ನೆಲ ಇಲ್ಲ. ಅವರ ಮುಂದೆ ನಾನು ಇಷ್ಟು ಮಾತಾಡುವುದಿಲ್ಲ.

ಏಪ್ರಿಲ್‌ನಲ್ಲಿ ಆ ತಾಯಿಯನ್ನು ಕರೆತಂದರು. ಮೆಟ್ಟಿಲಿನವರೆಗೂ ಜೀಪು ಹೋಗುವಂತೆ ತೋಟದವರೇ ದಾರಿ ಬಿಡಿಸಿದ್ದರು. ನಾನು ತಳಪಾಯದ ಗೆರೆಗೆ ಸುಣ್ಣ ಹಾಕಿ, ಅಡುಗೆಮನೆ ಇಲ್ಲಿ, ಜಗಲಿ ಇಲ್ಲಿ ಅಂತ ಬಾವುಟ ನೆಟ್ಟಿದ್ದೆ. ಸ್ವಲ್ಪ ಹೆಮ್ಮೆಯೂ ಇತ್ತು. ಅವರು ಕೋಲು ಊರಿಕೊಂಡು ನಿಧಾನವಾಗಿ ಒಂದು ಸುತ್ತು ಬಂದರು. ನನ್ನ ಅಡುಗೆಮನೆಯ ನಡುವೆ ನಿಂತರು.

"ಇದು ಅಡುಗೆಮನೆ ಅಲ್ಲ ಮಾರಾಯ್ರೆ. ಇದು ದನದ ಕೊಟ್ಟಿಗೆ. ಮನೆ ಆ ಕಡೆ."

ಸುಣ್ಣದ ಗೆರೆ ಹನ್ನೆರಡು ಅಡಿ ಆಚೆ ಹಾಕಿದೆ.