ಅಜ್ಜಿಯ ಕೈಯಿಂದ ಚೊಂಬು ಕಿತ್ಕೋಬೇಡಿ

ನಾನು ಆಕ್ಯುಪೇಷನಲ್ ಥೆರಪಿಸ್ಟ್. ಮೈಸೂರು ಮತ್ತು ಸುತ್ತಲಿನ ಊರುಗಳಲ್ಲಿ ಮನೆಮನೆಗೆ ಹೋಗುತ್ತೇನೆ. ಲಕ್ವ ಹೊಡೆದವರು, ಬಿದ್ದು ಸೊಂಟ ಮುರಿದುಕೊಂಡವರು, ಮಂಡಿ ಆಪರೇಷನ್ ಆದವರು ಮತ್ತೆ ತಮ್ಮ ಕೆಲಸ ತಾವೇ ಮಾಡಿಕೊಳ್ಳುವ ಹಾಗೆ ಮಾಡುವುದು ನನ್ನ ಕೆಲಸ. ಹೋದ ಮನೆಯಲ್ಲೆಲ್ಲ ಒಂದೇ ಮಾತು ಕೇಳುತ್ತೇನೆ, ಅದೂ ಹೆಮ್ಮೆಯಿಂದ: "ಅಮ್ಮನಿಗೆ ಒಂದು ಲೋಟ ನೀರು ಎತ್ಕೊಳ್ಳೋಕೂ ಬಿಟ್ಟಿಲ್ಲ ಮೇಡಂ."

ಅವರ ಪ್ರೀತಿ ನಿಜವಾದದ್ದೇ. ಆದರೆ ಈ ಮಾತು ಕೇಳಿದಾಗಲೆಲ್ಲ ನನಗೆ ಸಂಕಟ ಆಗುತ್ತದೆ. ಯಾಕೆಂದರೆ ಇನ್ನು ಕೆಲವು ತಿಂಗಳಿಗೆ ಆ ಅಮ್ಮನಿಗೆ ಲೋಟ ಎತ್ತೋಕೆ ನಿಜವಾಗಿಯೂ ಆಗುವುದಿಲ್ಲ. ಆಗ ಮನೆಯವರು "ವಯಸ್ಸಾಯ್ತಲ್ಲ" ಅನ್ನುತ್ತಾರೆ. ವಯಸ್ಸು ಅಷ್ಟು ಬೇಗ ಇಳಿಸುವುದಿಲ್ಲ ರೀ, ಸುಮ್ನೆ ಕೂರಿಸಿದ್ದರಿಂದ ಆದದ್ದು ಅದು. 2007ರಲ್ಲಿ ಅಮೆರಿಕದ ಸಂಶೋಧಕರು ಆರೋಗ್ಯವಾಗಿದ್ದ ಹಿರಿಯರನ್ನೇ 10 ದಿನ ಹಾಸಿಗೆಯಲ್ಲಿ ಮಲಗಿಸಿ ನೋಡಿದ್ದರು. ಅಷ್ಟರಲ್ಲೇ ಕಾಲಿನಲ್ಲಿ ಸುಮಾರು ಒಂದು ಕೆ.ಜಿ.ಯಷ್ಟು ಮಾಂಸಖಂಡ ಕರಗಿತ್ತು. ಕಾಯಿಲೆ ಇಲ್ಲದವರ ಕಥೆಯೇ ಇದು. ಲಕ್ವ ಹೊಡೆದ ಕೈಯದ್ದು ಇನ್ನೂ ಬೇರೆ. ಆ ಕೈಯನ್ನು ಬಳಸಿದರಷ್ಟೇ ಮಿದುಳು ಅದನ್ನು ಮತ್ತೆ ಕಲಿಯುತ್ತದೆ, ಬಳಸದೆ ಬಿಟ್ಟರೆ ಮರೆಯುತ್ತಾ ಹೋಗುತ್ತದೆ.

"ಹಾಗಾದ್ರೆ ಅವರನ್ನ ಒಬ್ಬರನ್ನೇ ಸ್ನಾನಕ್ಕೆ ಬಿಡಬೇಕಾ, ಬಿದ್ದರೆ?" ಅಂತ ಕೇಳುತ್ತಾರೆ. ಇಲ್ಲ, ನಾನು ಹಾಗೆ ಹೇಳುತ್ತಲೇ ಇಲ್ಲ. ಎಷ್ಟು ಸಲ ಹೇಳಿದರೂ ತಲೆಗೆ ಹೋಗದಿರುವುದು ಇದೊಂದೇ, ಅದಕ್ಕೇ ಇಲ್ಲಿ ಬಿಡಿಸಿ ಬರೆಯುತ್ತೇನೆ. ಸ್ನಾನ ಅನ್ನುವುದು ಒಂದೇ ಕೆಲಸ ಅಲ್ಲ. ಬಚ್ಚಲಿಗೆ ನಡೆದು ಹೋಗಬೇಕು, ಸ್ಟೂಲಿನ ಮೇಲೆ ಕೂರಬೇಕು, ಬಟ್ಟೆ ಬಿಚ್ಚಬೇಕು, ನೀರು ಹದ ಮಾಡಬೇಕು, ಚೊಂಬಿನಲ್ಲಿ ಸುರಿದುಕೊಳ್ಳಬೇಕು, ಸೋಪು ಹಚ್ಚಬೇಕು, ಬೆನ್ನು ಪಾದ ಉಜ್ಜಬೇಕು, ಒರೆಸಿಕೊಂಡು ಬಟ್ಟೆ ಹಾಕಿಕೊಳ್ಳಬೇಕು. ಇದರಲ್ಲಿ ನಿಮ್ಮ ಅತ್ತೆಗೆ ಆಗದಿರುವುದು ಯಾವುದು? ಬೆನ್ನು, ಪಾದ. ಅದನ್ನು ನೀವು ಉಜ್ಜಿ. ನೀರಿನ ಬಿಸಿಯನ್ನೂ ನೀವೇ ನೋಡಿ, ಯಾಕೆಂದರೆ ಲಕ್ವ ಹೊಡೆದ ಕೈಗೆ ಬಿಸಿ ಗೊತ್ತಾಗದೆ ಸುಟ್ಟುಕೊಳ್ಳುವ ಅಪಾಯ ಇದೆ. ಚೊಂಬು ಮಾತ್ರ ಅವರ ಕೈಯಲ್ಲೇ ಇರಲಿ. ನೀವು ಪಕ್ಕದಲ್ಲಿ ನಿಂತಿರಿ. ಬಟ್ಟೆ ಹಾಕಿಕೊಳ್ಳುವಾಗ ಮೊದಲು ಸೋತ ಕೈಯನ್ನು ತೋಳಿಗೆ ತೂರಿಸಬೇಕು, ಬಿಚ್ಚುವಾಗ ಚೆನ್ನಾಗಿರುವ ಕೈ ಮೊದಲು ಹೊರಗೆ ಬರಬೇಕು. ಇದಿಷ್ಟು ಕಲಿತವರು ಎಷ್ಟೋ ಜನ ರವಿಕೆ, ಶರ್ಟು ತಾವೇ ಹಾಕಿಕೊಳ್ಳುತ್ತಾರೆ. ಏನಿಲ್ಲ, ಹೊತ್ತು ಜಾಸ್ತಿ ಹಿಡಿಯುತ್ತದೆ, ಅಷ್ಟೇ. ಬೆಳಿಗ್ಗೆ ಮಕ್ಕಳ ಸ್ಕೂಲ್ ಬಸ್ಸು, ನಿಮ್ಮ ಆಫೀಸು, ಕುಕ್ಕರ್ ಕೂಗು, ಎಲ್ಲ ಒಟ್ಟಿಗೆ ಇರುವಾಗ ಕಾಯುವುದು ಎಷ್ಟು ಕಷ್ಟ ಅಂತ ನನಗೆ ಗೊತ್ತು. ಅವರ ಸ್ನಾನವನ್ನು ಹತ್ತು ಗಂಟೆಗೆ ಹಾಕಿಕೊಳ್ಳಿ. ಎಂಟಕ್ಕೇ ಆಗಬೇಕು ಅಂತ ಎಲ್ಲಿದೆ?

ತಿ. ನರಸೀಪುರದ ಕಡೆ ಒಬ್ಬ ಅಜ್ಜಿ ಇದ್ದರು, ಬಲಗೈ ಸೋತಿತ್ತು. ಬೆರಳು ಸ್ವಲ್ಪ ಸ್ವಲ್ಪ ಆಡೋಕೆ ಶುರುವಾಗಿತ್ತು. ಹಿಸುಕೋಕೆ ಅಂತ ಯಾರೋ ಕೊಟ್ಟ ರಬ್ಬರ್ ಚೆಂಡು ಗೂಡಿನಲ್ಲಿ ಧೂಳು ಹಿಡಿದಿತ್ತು. "ಚೆಂಡು ಹಿಡ್ಕೊಂಡು ಏನ್ ಮಾಡ್ಲವ್ವ, ನಾನೇನು ಮಗೀನಾ?" ಅಂದರು. ಅದು ಅವರೆಕಾಯಿ ಕಾಲ. ಹಜಾರದಲ್ಲಿ ಸೊಸೆ ನೆನೆಸಿದ ಕಾಳು ಹಿತುಕುತ್ತಿದ್ದರು. ಹೆಬ್ಬೆರಳು ತೋರುಬೆರಳಿನ ಮಧ್ಯೆ ಕಾಳು ಹಿಡಿದು ಒತ್ತಿದರೆ ಸಿಪ್ಪೆಯಿಂದ ಬೇಳೆ ಪುಳಕ್ಕನೆ ಹಾರುತ್ತದಲ್ಲ, ನನಗೆ ಬೇಕಾಗಿದ್ದ ವ್ಯಾಯಾಮ ಅದೇ. ಒಂದು ಬಟ್ಟಲು ಅಜ್ಜಿಯ ಮುಂದೆ ಇಡಿ ಅಂದೆ. ಸೊಸೆಯ ಮುಖ ಸಪ್ಪಗಾಯಿತು. "ಹುಷಾರಿಲ್ದಿರೋ ಅತ್ತೆ ಕೈಲಿ ಗೇಯಿಸ್ತಾಳೆ ಅಂತ ಊರೆಲ್ಲ ಆಡ್ಕೊಳ್ತದೆ ಮೇಡಂ." ಆ ಹೆಣ್ಣುಮಗಳ ಭಯ ಸುಳ್ಳಲ್ಲ, ನೆಂಟರು ಹಾಗೆ ಆಡಿಕೊಳ್ಳುತ್ತಾರೆ. ಅದಕ್ಕೇ ಅಕ್ಕಪಕ್ಕದವರು ಕೂತಿದ್ದಾಗಲೇ ಜೋರಾಗಿ ಹೇಳಿದೆ, ಇದು ಔಷಧಿ, ದಿನಾ ಕೊಡಬೇಕು ಅಂತ. ಮೊದಲು ಕಾಳು ಜಾರಿ ಜಾರಿ ನೆಲಕ್ಕೆ ಬೀಳುತ್ತಿತ್ತು. ಅವರೆಕಾಯಿ ಮುಗಿಯುವ ಹೊತ್ತಿಗೆ ಅಜ್ಜಿ ರವಿಕೆಯ ಹುಕ್ಕು ತಾವೇ ಹಾಕಿಕೊಳ್ಳುತ್ತಿದ್ದರು. ಎಲ್ಲರಿಗೂ ಹೀಗೇ ಆಗುತ್ತದೆ ಅಂತ ನಾನು ಮಾತು ಕೊಡಲಾರೆ. ಮಿದುಳಿನಲ್ಲಿ ಪೆಟ್ಟು ಎಲ್ಲಿ ಬಿದ್ದಿದೆ, ಎಷ್ಟು ದಿನ ಆಗಿದೆ ಅನ್ನುವುದರ ಮೇಲೆ ಹೋಗುತ್ತದೆ.

ಸಲಕರಣೆಗಳ ವಿಷಯದಲ್ಲೂ ಹೀಗೇ, ತಂದುಕೊಟ್ಟರೆ ಮುಗಿಯಿತು ಅಂದುಕೊಳ್ಳುತ್ತಾರೆ. 60 ದಾಟಿದ ಬಡವರಿಗೆ 2017ರಿಂದ ಕೇಂದ್ರದ ವಯೋಶ್ರೀ ಯೋಜನೆಯಲ್ಲಿ ವಾಕರ್, ಊರುಗೋಲು, ಶ್ರವಣಯಂತ್ರ ಉಚಿತವಾಗಿ ಸಿಗುತ್ತದೆ. ತುಂಬ ಒಳ್ಳೆಯದು. ಆದರೆ ಬಂದ ಎತ್ತರದಲ್ಲೇ ವಾಕರ್ ಇಟ್ಟುಬಿಟ್ಟಿರುತ್ತಾರೆ, ಅಜ್ಜ ಬಗ್ಗಿ ಬಗ್ಗಿ ನಡೆದು ಬೆನ್ನು ನೋವು ಅಂತ ಮೂಲೆಗೆ ತಳ್ಳುತ್ತಾರೆ, ಆಮೇಲೆ ಅದರ ಮೇಲೆ ಟವಲ್ ಒಣಗುತ್ತದೆ. ಚಪ್ಪಲಿ ಹಾಕಿ ನೇರ ನಿಲ್ಲಿಸಿ, ಕೈ ಇಳಿಬಿಡೋಕೆ ಹೇಳಿ, ಹಿಡಿ ಮಣಿಕಟ್ಟಿನ ಮಟ್ಟಕ್ಕೆ ಬರುವ ಹಾಗೆ ವಾಕರ್ ಕಾಲಿನ ಗುಂಡಿ ಒತ್ತಿ ಸರಿಮಾಡಿ. ಊರುಗೋಲು ನೋವಿರುವ ಕಾಲಿನ ಎದುರು ಕೈಯಲ್ಲಿರಬೇಕು. ಬಚ್ಚಲಲ್ಲಿ ಟವಲ್ ಹಾಕುವ ರಾಡು ಹಿಡಿದು ಏಳೋಕೆ ಬಿಡಬೇಡಿ, ಅದು ಕಿತ್ತು ಬರುತ್ತದೆ. ಮನೆ ಮುಂದೆ ಸ್ಕೂಟರ್ ಹತ್ತಿಸುವ ಇಳಿಜಾರು ವೀಲ್‌ಚೇರಿಗೆ ಆಗುವುದಿಲ್ಲ. ಒಂದು ಇಂಚು ಎತ್ತರಕ್ಕೆ ಒಂದು ಅಡಿ ಉದ್ದ ಬೇಕು.

ಗ್ರಾಮ ಪಂಚಾಯಿತಿಯಲ್ಲಿ ವಿಆರ್‌ಡಬ್ಲ್ಯೂ ಅಂತ ಇರುತ್ತಾರೆ, ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು. ಅವರೂ ಅಂಗವಿಕಲರೇ, ಹಾಗಾಗಿ ಕಷ್ಟ ಹೇಳದೆಯೇ ಅರ್ಥ ಆಗುತ್ತದೆ. ಅವರಿರುವುದು ಪಿಂಚಣಿ ಅರ್ಜಿಗಷ್ಟೇ ಅಂದುಕೊಳ್ಳಬೇಡಿ. ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡ್ ಮಾಡಿಸೋಕೆ, ಸಲಕರಣೆ ಎಲ್ಲಿ ಸಿಗುತ್ತದೆ ಅಂತ ತಿಳಿಯೋಕೆ ಅವರನ್ನೇ ಕೇಳಿ. ಹಿರಿಯರಿಗೆ 14567 ಸಹಾಯವಾಣಿ ಇದೆ. ತಮ್ಮ ಊರಿನಲ್ಲಿ, ತಮಗೆ ಬೇಕಾದ ಹಾಗೆ ಬದುಕುವುದು, ಅದಕ್ಕೆ ಮನೆಯಲ್ಲೇ ನೆರವು ಪಡೆಯುವುದು ಅಂಗವಿಕಲರ ಹಕ್ಕು ಅಂತ 2016ರ ಕಾಯ್ದೆಯೇ ಹೇಳುತ್ತದೆ.

ಒಂದು ಎಚ್ಚರಿಕೆ. ಆಪರೇಷನ್ ಆದ ಹೊಸತು, ಎದ್ದರೆ ಬಿಪಿ ಇಳಿಯುವವರು, ನುಂಗುವಾಗ ಕೆಮ್ಮು ಬರುವವರು ಇದ್ದರೆ ಮೊದಲು ಡಾಕ್ಟರನ್ನು ಕೇಳಿ. ಮರೆವಿನ ಕಾಯಿಲೆ ಇದ್ದರೆ ಒಲೆ ಹತ್ತಿರ ಒಬ್ಬರನ್ನೇ ಬಿಡಬೇಡಿ, ಆದರೆ ಸೊಪ್ಪು ಬಿಡಿಸೋಕೆ ಕೊಡಿ.

ಏಜೆನ್ಸಿಯಿಂದ ಹೋಂ ನರ್ಸ್ ಇಟ್ಟುಕೊಂಡಿದ್ದರೆ ಮೊದಲ ದಿನವೇ ಒಂದು ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿ: ಹಲ್ಲುಜ್ಜುವುದು, ಊಟ ಕಲಸಿಕೊಳ್ಳುವುದು, ತಲೆ ಬಾಚುವುದು, ಮಾತ್ರೆ ಡಬ್ಬಿ ತೆಗೆಯುವುದು ಅಪ್ಪನೇ ಮಾಡಲಿ, ನೀವು ನೋಡಿಕೊಳ್ಳಿ ಸಾಕು. ಹೇಳದಿದ್ದರೆ ಪಾಪ ಆ ಹುಡುಗಿ ಎಲ್ಲವನ್ನೂ ತಾನೇ ಮಾಡಿಬಿಡುತ್ತಾಳೆ, ಸುಮ್ಮನೆ ನಿಂತರೆ ನೀವು ಬೈತೀರಿ ಅನ್ನುವ ಹೆದರಿಕೆಗೆ. ಹಾಳೆಯಲ್ಲಿ ಏನಿರಬೇಕು ಅಂತ ಅಪ್ಪನನ್ನೇ ಕೇಳಿ ಬರೆಯಿರಿ.