ಮಗು ಹುಟ್ಟೋ ಮುಂಚೆನೇ ನೀವು ಅಪ್ಪ-ಅಮ್ಮ: ಸರೋಗಸಿ ಕಾನೂನು ನಿಮ್ಮಿಂದ ಏನ್ ಕೇಳುತ್ತೆ

ಸರೋಗಸಿ, ಅಂದ್ರೆ ಬಾಡಿಗೆ ತಾಯಿ ಗರ್ಭದಲ್ಲಿ ನಿಮ್ಮ ಮಗು ಬೆಳೆಸೋ ವಿಷಯಕ್ಕೆ ಸಲಹೆ ಕೇಳೋಕೆ ಬರೋ ದಂಪತಿಗಳಲ್ಲಿ ಹೆಚ್ಚಿನೋರು ಮೊದಲು ಕೇಳೋದು ಒಂದೇ, "ಆಕೆ ಮಗು ಕೊಡಲ್ಲ ಅಂದ್ಬಿಟ್ರೆ ಏನ್ಮಾಡೋದು ಮೇಡಂ?" ಆ ಭಯ ನಂಗೆ ಅರ್ಥ ಆಗುತ್ತೆ, ವರ್ಷಗಟ್ಟಲೆ ಐವಿಎಫ್ ಮಾಡಿಸಿ, ಸಾಲ ಮಾಡ್ಕೊಂಡು, ಯಾರ ಮನೆ ಮದುವೆಗೆ ಹೋದ್ರೂ "ಏನಾದ್ರೂ ವಿಶೇಷ ಇದ್ಯಾ" ಅಂತ ಕೇಳಿಸ್ಕೊಂಡು ಸುಸ್ತಾಗಿರ್ತಾರೆ ಪಾಪ. ಆದ್ರೆ ಆ ಪ್ರಶ್ನೆಗೆ ಕಾನೂನಲ್ಲಿ ಉತ್ತರ ಇದೆ. ಅವ್ರು ಕೇಳದೇ ಬಿಡೋ ಪ್ರಶ್ನೆನೇ ಮುಖ್ಯ: ನಾವು ಮಧ್ಯದಲ್ಲಿ ಬೇಡ ಅಂದ್ರೆ ಆಗುತ್ತಾ? ಬಾಡಿಗೆ ತಾಯಿಯ ಗರ್ಭಕ್ಕೆ ಭ್ರೂಣ ಹಾಕಿದ್ಮೇಲೆ ಆಗಲ್ಲ. ಇದನ್ನ ನಾನು ಫಸ್ಟ್ ಮೀಟಿಂಗಲ್ಲೇ ಹೇಳ್ಬಿಡ್ತೀನಿ.

ನಮ್ಮ ದೇಶದಲ್ಲಿ ಸರೋಗಸಿ ನಿಯಂತ್ರಣ ಕಾಯ್ದೆ ಜಾರಿಗೆ ಬಂದಿದ್ದು 2022ರ ಜನವರಿ 25ಕ್ಕೆ. ಮದುವೆಯಾದ ದಂಪತಿ ಆಗಿದ್ರೆ ಸರೋಗಸಿಗೆ ಅರ್ಹರು ಅಂತ ಸರ್ಟಿಫಿಕೇಟ್ ಕೊಡೋ ದಿನಕ್ಕೆ ಹೆಂಡತಿ ವಯಸ್ಸು 23ರಿಂದ 50, ಗಂಡನದು 26ರಿಂದ 55 ಇರ್ಬೇಕು. ವಿಧವೆಯರು, ಡೈವೋರ್ಸ್ ಆದವ್ರು 35ರಿಂದ 45ರ ಒಳಗೆ ಅರ್ಜಿ ಹಾಕ್ಬಹುದು. ಮದುವೆನೇ ಆಗದ ಹೆಣ್ಮಕ್ಕಳಿಗೆ ಸರೋಗಸಿ ಇಲ್ಲ, ಇದು ನನ್ನ ಪ್ರಕಾರ ಅನ್ಯಾಯ, ಯಾಕಂದ್ರೆ ಅದೇ ಹೆಣ್ಮಗಳು ತಾನೇ ಬಸುರಾಗೋಕೆ ಐವಿಎಫ್ ಮಾಡಿಸ್ಕೊಳ್ಳೋಕೆ ಇನ್ನೊಂದು ಕಾಯ್ದೆ ಒಪ್ಪುತ್ತೆ.

ಇನ್ನು ಆ ಭಯದ ವಿಷಯ. ಟ್ರೀಟ್‌ಮೆಂಟ್ ಶುರು ಆಗೋ ಮುಂಚೆನೇ ನೀವು ಮತ್ತು ಬಾಡಿಗೆ ತಾಯಿ ಒಟ್ಟಿಗೆ ಫಸ್ಟ್ ಕ್ಲಾಸ್ ಮ್ಯಾಜಿಸ್ಟ್ರೇಟ್ ಅಥವಾ ಅದಕ್ಕಿಂತ ಮೇಲಿನ ಕೋರ್ಟಿಗೆ ಅರ್ಜಿ ಹಾಕಿ, ಹುಟ್ಟೋ ಮಗುವಿನ ತಂದೆ-ತಾಯಿ ಯಾರು, ಮಗು ಯಾರ ಹತ್ರ ಇರ್ಬೇಕು ಅಂತ ಆದೇಶ ತಗೋಬೇಕು, ಮಗು ಹುಟ್ಟಿದ್ಮೇಲೆ ಅದೇ ಆದೇಶ ಜನನದ ಅಫಿಡವಿಟ್ ಥರ ನಡೆಯುತ್ತೆ. ಮಗು ಕಾನೂನಿನ ಪ್ರಕಾರ ನಿಮ್ಮದೇ ಸ್ವಂತ ಮಗು, ಆಸ್ತಿ ಹಕ್ಕು ಸೇರಿ ಎಲ್ಲಾ ಹಕ್ಕೂ ಇದೆ. ನಾಳೆ ಅಣ್ಣತಮ್ಮಂದಿರು ಪಾಲು ಕೇಳೋವಾಗ "ಅದು ನಮ್ಮ ಮನೆತನದ ಮಗು ಅಲ್ಲ" ಅಂದ್ರೆ ಆ ಮಾತು ಕೋರ್ಟಲ್ಲಿ ನಿಲ್ಲಲ್ಲ.

ಇದರ ಇನ್ನೊಂದು ಮುಖ ಕಾಯ್ದೆಯ 7ನೇ ಸೆಕ್ಷನ್. ಮಗುಗೆ ಹುಟ್ಟಿನಿಂದ ತೊಂದರೆ ಇದೆ, ಹೆಣ್ಣಾಯ್ತು, ಒಂದು ಅಂದ್ಕೊಂಡಿದ್ದು ಅವಳಿ ಆಯ್ತು, ಆಮೇಲೆ ಏನೋ ಕಾಯಿಲೆ ಬಂತು, ಯಾವ ಕಾರಣಕ್ಕೂ ಮಗುನ ಬಿಟ್ಟುಹೋಗೋ ಹಾಗಿಲ್ಲ. ಬಿಟ್ರೆ 10 ವರ್ಷದವರೆಗೆ ಜೈಲು, 10 ಲಕ್ಷದವರೆಗೆ ದಂಡ, ಸುಲಭಕ್ಕೆ ಜಾಮೀನು ಸಿಗದ ಕೇಸು. ಈ ಸೆಕ್ಷನ್ ಸುಮ್ನೆ ಬಂದಿಲ್ಲ. 2008ರಲ್ಲಿ ಗುಜರಾತಿನ ಆನಂದ್‌ನಲ್ಲಿ ಜಪಾನಿ ದಂಪತಿಗೋಸ್ಕರ ಒಂದು ಮಗು ಹುಟ್ಟಿತು, ಹುಟ್ಟೋ ಮುಂಚೆನೇ ಅವ್ರಿಬ್ರಿಗೂ ಡೈವೋರ್ಸ್ ಆಗಿತ್ತು, ಆ ಹೆಂಡತಿಗೆ ಮಗು ಬೇಡವಾಗಿತ್ತು, ಕೊನೆಗೆ ಅಜ್ಜಿ ಬಂದು ಸುಪ್ರೀಂ ಕೋರ್ಟ್ ಮೆಟ್ಟಿಲು ಹತ್ತಬೇಕಾಯ್ತು. ಅದಕ್ಕೇ ನಾನು ದಂಪತಿನ ಕೂರಿಸಿ ನೇರವಾಗಿ ಕೇಳ್ತೀನಿ, ನಿಮ್ಮಿಬ್ರಲ್ಲಿ ಒಬ್ರಿಗೆ ಏನಾದ್ರೂ ಆದ್ರೆ, ಅಥವಾ ನೀವು ಬೇರೆ ಆದ್ರೆ ಮಗುನ ಯಾರು ನೋಡ್ಕೋತಾರೆ? ಕೆಲವ್ರಿಗೆ ಬೇಜಾರಾಗುತ್ತೆ, ಆದ್ರೂ ವಿಲ್ ಬರೆದು ಅದರಲ್ಲಿ ಗಾರ್ಡಿಯನ್ ಯಾರು ಅಂತ ಹಾಕ್ಸಿನೇ ಕಳಿಸೋದು.

ಬಾಡಿಗೆ ತಾಯಿ ಬಗ್ಗೆನೂ ನಿಮ್ಮ ಜವಾಬ್ದಾರಿ ದೊಡ್ಡದಿದೆ. ಆಕೆಗೆ 25ರಿಂದ 35 ವಯಸ್ಸು ಆಗಿರ್ಬೇಕು, ಮದುವೆಯಾಗಿ ಸ್ವಂತ ಮಗು ಇರ್ಬೇಕು, ಜೀವನದಲ್ಲಿ ಒಂದೇ ಸಲ ಸರೋಗಸಿ ಮಾಡ್ಬಹುದು, ಆಕೆಯ ಅಂಡಾಣು ಬಳಸೋ ಹಾಗಿಲ್ಲ. ಆಕೆ ಹೆಸರಲ್ಲಿ 36 ತಿಂಗಳ ಇನ್ಶೂರೆನ್ಸ್ ನೀವೇ ಮಾಡಿಸ್ಬೇಕು. ಭ್ರೂಣ ಹಾಕೋ ಮುಂಚೆ ಆಕೆ ಮನಸ್ಸು ಬದಲಾಯಿಸಿದ್ರೆ ನೀವು ಒಪ್ಕೋಬೇಕು. ಗರ್ಭಪಾತ ಮಾಡಿಸ್ಕೋ ಅಂತ ಒತ್ತಡ ಹಾಕೋ ಹಕ್ಕು ನಿಮ್ಗಿಲ್ಲ, ಆಕೆ ಬರವಣಿಗೆಯಲ್ಲಿ ಒಪ್ಪದೇ ಅದು ಆಗೋದೇ ಇಲ್ಲ. ಮತ್ತೆ ದುಡ್ಡು: ಆಸ್ಪತ್ರೆ ಖರ್ಚು, ಇನ್ಶೂರೆನ್ಸ್, ನಿಯಮದಲ್ಲಿ ಹೇಳಿರೋ ಖರ್ಚು ಬಿಟ್ಟು ಏನೂ ಕೊಡೋ ಹಾಗಿಲ್ಲ. "ಇಷ್ಟು ಲಕ್ಷ ಕೊಡಿ, ಎಲ್ಲಾ ನಾವೇ ನೋಡ್ಕೋತೀವಿ" ಅನ್ನೋ ಏಜೆಂಟ್ ಸಿಕ್ರೆ ಅಲ್ಲಿಂದ ಎದ್ದು ಬನ್ನಿ, ಸಿಕ್ಕಿಬಿದ್ರೆ ಮೊದಲ ಸಲಕ್ಕೇ ನಿಮಗೆ 5 ವರ್ಷದವರೆಗೆ ಜೈಲು ಆಗ್ಬಹುದು.

ಡೋನರ್, ಅಂದ್ರೆ ಅಂಡಾಣು ಅಥವಾ ವೀರ್ಯಾಣು ದಾನ ಮಾಡೋರ ವಿಷಯದಲ್ಲಿ ತುಂಬಾ ಗೊಂದಲ ಇದೆ. 2023ರ ಮಾರ್ಚಲ್ಲಿ ದಂಪತಿಗಳಿಗೆ ಡೋನರ್ ಬೇಡವೇ ಬೇಡ ಅಂತ ನಿಯಮ ಬಂತು, 2024ರ ಫೆಬ್ರವರಿಯಲ್ಲಿ ತಿದ್ದಿದ್ರು. ಈಗ ಜಿಲ್ಲಾ ಮೆಡಿಕಲ್ ಬೋರ್ಡ್ ಸರ್ಟಿಫಿಕೇಟ್ ಕೊಟ್ರೆ ಅಂಡಾಣು ಅಥವಾ ವೀರ್ಯಾಣು ಒಂದನ್ನ ಡೋನರ್‌ದು ಬಳಸ್ಬಹುದು, ಇನ್ನೊಂದು ದಂಪತಿದೇ ಆಗಿರ್ಬೇಕು. ವಿಧವೆ, ಡೈವೋರ್ಸ್ ಆದವ್ರು ಸ್ವಂತ ಅಂಡಾಣುನೇ ಕೊಡ್ಬೇಕು.

ಕೆಲಸಕ್ಕೆ ಹೋಗೋ ತಾಯಂದಿರು ಇದನ್ನ ಗಮನಿಸಿ. ಖಾಸಗಿ ಕಂಪನಿಯಲ್ಲಿ ಮಗು ಕೈಗೆ ಬಂದ ದಿನದಿಂದ 12 ವಾರ ರಜೆ ಕಾನೂನಲ್ಲೇ ಇದೆ, ಆದ್ರೆ ಅಲ್ಲಿರೋ ವ್ಯಾಖ್ಯಾನ ಸ್ವಂತ ಅಂಡಾಣು ಕೊಟ್ಟ ತಾಯಿಗೆ ಮಾತ್ರ. ಡೋನರ್ ಅಂಡಾಣು ಆದ್ರೆ ಎಚ್‌ಆರ್ ಹತ್ರ ಮುಂಚೆನೇ ಮಾತಾಡಿ, ಒಪ್ಪಿದ್ದನ್ನ ಮೇಲ್‌ನಲ್ಲಿ ತಗೊಳ್ಳಿ. ಕೇಂದ್ರ ಸರ್ಕಾರಿ ನೌಕರರಿಗೆ 2024ರಿಂದ 180 ದಿನ ಇದೆ, ತಂದೆಗೆ 15 ದಿನ.

ವಯಸ್ಸು ದಾಟಿದೆ ಅಂತ ವಾಪಸ್ ಕಳಿಸಿದ್ರೂ ಅಷ್ಟಕ್ಕೇ ಕೈಬಿಡ್ಬೇಡಿ. ಕಾಯ್ದೆ ಬರೋ ಮುಂಚೆನೇ ಭ್ರೂಣ ಫ್ರೀಜ್ ಮಾಡಿಸಿದ್ದ ದಂಪತಿಗಳಿಗೆ ವಯಸ್ಸಿನ ಮಿತಿ ಅನ್ವಯಿಸಲ್ಲ ಅಂತ 2025ರ ಅಕ್ಟೋಬರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಸರ್ಟಿಫಿಕೇಟ್ ತಿರಸ್ಕಾರ ಆದ್ರೆ ರಾಜ್ಯ ಸರ್ಕಾರಕ್ಕೆ ಮೇಲ್ಮನವಿ ಹಾಕೋಕೆ ಪತ್ರ ಕೈಗೆ ಬಂದ ದಿನದಿಂದ 30 ದಿನ ಮಾತ್ರ ಟೈಮ್, ಹಾಗಾಗಿ ಪತ್ರ ಬಂದ ವಾರದಲ್ಲೇ ವಕೀಲರನ್ನ ನೋಡಿ.